ಅಗಲ ಪಾದಕ್ಕೆ ಮೊದಲ ಟ್ರೇಲ್ ಶೂ: ಬಳ್ಳಾರಿ, ಕೊಪ್ಪಳ, ರಾಯಚೂರಿನ ನೆಲಕ್ಕೆ ಯಾವುದು ಹೊಂದುತ್ತದೆ?

ಅಗಲ ಪಾದದವರಿಗೆ ಶೂ ಅಂಗಡಿಯಲ್ಲಿ ಸಿಗುವ ಮೊದಲ ಸಲಹೆ ಒಂದೇ: "ಒಂದು ನಂಬರ್ ದೊಡ್ಡದು ತಗೊಳ್ರಿ, ಸರಿ ಆಗ್ತದ." ಊರೊಳಗೆ ಓಡಾಡಲು ಅದು ಹೇಗೋ ಸಾಕಾಗುತ್ತದೆ. ಗುಡ್ಡ, ಕಾಲುದಾರಿಯ ಓಟಕ್ಕೆಂದು ಮಾಡಿದ ಟ್ರೇಲ್ ಶೂಗೆ ಆ ಸಲಹೆ ಸಾಕಾಗುವುದಿಲ್ಲ. ಯುಕೆ ಅಳತೆಯಲ್ಲಿ ಒಂದು ನಂಬರ್ ಏರಿಸಿದರೆ ಶೂ ಉದ್ದದಲ್ಲಿ ಸುಮಾರು 8.5 ಮಿ.ಮೀ. ಬೆಳೆಯುತ್ತದೆ, ಅಗಲದಲ್ಲಿ ಎರಡು ಮಿ.ಮೀ. ಆಸುಪಾಸು ಮಾತ್ರ. ಬೇಕಿದ್ದದ್ದು ಅಗಲ, ಸಿಕ್ಕಿದ್ದು ಉದ್ದ. ಆ ಹೆಚ್ಚಿನ ಉದ್ದದಿಂದ ಶೂ ಬಾಗುವ ಜಾಗ ಬೆರಳು ಬಾಗುವ ಜಾಗಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಒಳಗೆ ಏರಿಳಿದು ಬೊಬ್ಬೆ ಬರುತ್ತದೆ, ಶೂನ ಮೂತಿ ಕಲ್ಲಿಗೆ ತಾಗಿ ಎಡವುತ್ತೀರಿ. ಇಳಿಜಾರಿನಲ್ಲಂತೂ ಇಡೀ ಪಾದ ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಹಾಗಾಗಿ ಆರಿಸುವ ಕ್ರಮವನ್ನೇ ಬದಲಿಸಬೇಕು. ಮೊದಲು ಶೂನ ಮುಂಭಾಗದ ಆಕಾರ, ಆಮೇಲೆ ನೀವು ಓಡುವ ನೆಲ, ಕೊನೆಗೆ ಬ್ರ್ಯಾಂಡ್ ಮತ್ತು ಬೆಲೆ. ಪಾದಕ್ಕೆ ಕೂತ ಮೂರು ಸಾವಿರದ ಶೂ, ಪಾದವನ್ನು ಹಿಂಡುವ ಹನ್ನೆರಡು ಸಾವಿರದ ಶೂಗಿಂತ ಎಲ್ಲ ರೀತಿಯಲ್ಲೂ ಮೇಲು.

ಟ್ರೇಲ್ ಶೂ ನಿಮಗೆ ಬೇಕೇ?

ಪೊಲೀಸ್ ಇಲ್ಲವೇ ಸೇನೆಯ ನೇಮಕಾತಿಗಾಗಿ ಮೈದಾನದಲ್ಲಿ 1600 ಮೀಟರ್ ಅಭ್ಯಾಸ ಮಾಡುವವರಿಗೆ ಬೇಡ. ಸಾಮಾನ್ಯ ರನ್ನಿಂಗ್ ಶೂ ಹಗುರವಾಗಿರುತ್ತದೆ, ಮಟ್ಟಸ ನೆಲದಲ್ಲಿ ಅದರಲ್ಲೇ ವೇಗ ಹೆಚ್ಚು. ತುಂಗಭದ್ರಾ ಎಡದಂಡೆ ಕಾಲುವೆಯ ಏರಿಯ ಮೇಲೆ, ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಗಟ್ಟಿ ಮಣ್ಣಿನ ದಾರಿಯಲ್ಲಿ ಬೆಳಿಗ್ಗೆ ನಾಲ್ಕೈದು ಕಿ.ಮೀ. ಓಡುವವರೂ ರನ್ನಿಂಗ್ ಶೂನಲ್ಲೇ ವರ್ಷಗಟ್ಟಲೆ ಓಡಬಹುದು.

ಬೇಕಾಗುವುದು ಮೂರು ಸಂದರ್ಭಗಳಲ್ಲಿ. ಒಂದು, ಕಲ್ಲುಬಂಡೆಯ ಗುಡ್ಡ ಹತ್ತಿಳಿಯುವಾಗ. ಎರಡು, ಸಡಿಲ ಗರಸಿನ ಇಳಿಜಾರು ಇದ್ದಾಗ. ಮೂರು, ಮುಳ್ಳು. ಈ ಮೂರನೆಯದನ್ನು ಬೇರೆ ಊರುಗಳಲ್ಲಿ ಕೂತು ಶೂ ವಿಮರ್ಶೆ ಮಾಡುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಇರುವ ಕಡೆ ಅದನ್ನು ಮೊದಲ ಸಾಲಿನಲ್ಲಿ ಇಡಬೇಕು.

ನಮ್ಮ ನೆಲ, ನಾಲ್ಕು ಬಗೆ

ಆನೆಗೊಂದಿ, ಸಾಣಾಪುರ, ಕೊಪ್ಪಳ ಕೋಟೆಯ ಸುತ್ತಮುತ್ತ, ಮಸ್ಕಿ ಬೆಟ್ಟ, ಬಳ್ಳಾರಿ ಗುಡ್ಡ, ಇವೆಲ್ಲ ಗ್ರಾನೈಟ್. ಒಣಗಿದ ಗ್ರಾನೈಟ್ ಬಂಡೆ ಒರಟಾಗಿದ್ದು ರಬ್ಬರನ್ನು ಚೆನ್ನಾಗಿ ಹಿಡಿಯುತ್ತದೆ. ಇಲ್ಲಿ ಹಿಡಿತ ಕೊಡುವುದು ಬಂಡೆಗೆ ತಾಗುವ ರಬ್ಬರಿನ ವಿಸ್ತಾರ. ಸೋಲ್‌ನ ಹಲ್ಲು (ತಳದಲ್ಲಿ ಎದ್ದಿರುವ ರಬ್ಬರ್ ಉಬ್ಬು) ಉದ್ದವಾಗಿ, ದೂರದೂರ ಇದ್ದರೆ ಬಂಡೆಗೆ ತಾಗುವುದು ಹಲ್ಲಿನ ತುದಿ ಮಾತ್ರ. ಭಾರ ಬಿದ್ದಾಗ ಹಲ್ಲು ಬಾಗಿ ಕಾಲಡಿಯಲ್ಲಿ ಓಲಾಡಿದಂತಾಗುತ್ತದೆ. "ಹಲ್ಲು ದೊಡ್ಡದಿದ್ದಷ್ಟೂ ಹಿಡಿತ ಜಾಸ್ತಿ" ಎಂಬ ನಂಬಿಕೆ ನಮ್ಮ ಬಂಡೆಗಳ ಮೇಲೆ ತಪ್ಪು. 3ರಿಂದ 4 ಮಿ.ಮೀ. ಎತ್ತರದ, ಚಪ್ಪಟೆ ತಲೆಯ, ಒತ್ತಾಗಿ ಜೋಡಿಸಿದ ಹಲ್ಲುಗಳು ಇಲ್ಲಿಗೆ ಸರಿ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳಲ್ಲಿ ಅಭ್ಯಾಸ ಮಾಡುವವರಿಗೂ ಇದೇ. ಜನರ ಕಾಲು ತಾಗಿ ತಾಗಿ ನುಣುಪಾದ ಮೆಟ್ಟಿಲಿನ ಮೇಲೆ ಉದ್ದ ಹಲ್ಲು ಇನ್ನೂ ಅಪಾಯ.

ಬಂಡೆಗಳ ನಡುವೆ ಇರುವ ಗರಸು ಬೇರೆಯೇ ವಿಷಯ. ಬಂಡೆ ಸವೆದು ಉದುರಿದ ದಪ್ಪ ಮರಳು ಬಂಡೆಯ ಮೇಲೆ ಜೋಳದ ಕಾಳು ಚೆಲ್ಲಿದಂತೆ ಹರಡಿರುತ್ತದೆ, ಅದರ ಮೇಲೆ ಯಾವ ಸೋಲ್ ಕೂಡ ಉರುಳುತ್ತದೆ. ಅಲ್ಲಿ ಶೂಗಿಂತ ಹೆಜ್ಜೆ ಮುಖ್ಯ: ಹೆಜ್ಜೆ ಚಿಕ್ಕದಿರಲಿ, ಭಾರ ಪಾದದ ಮೇಲೆ ನೇರ ಬೀಳಲಿ, ಇಳಿಯುವಾಗ ಹಿಂದಕ್ಕೆ ವಾಲಬೇಡಿ.

ಸಂಡೂರಿನ ಗುಡ್ಡಗಳದು ಇನ್ನೊಂದು ಗುಣ. ಕಬ್ಬಿಣದ ಅದಿರಿನ ಕೆಂಪು ಕಲ್ಲು, ಭಾರವಾದ ಚೂಪು ಚೂರುಗಳು, ಮಳೆಗಾಲದಲ್ಲಿ ಹುಲ್ಲು, ಎಲೆ, ಕೆಸರು. ರಾಮಗಡ, ಕುಮಾರಸ್ವಾಮಿ ದೇವಸ್ಥಾನದ ಕಡೆಯ ಹಾದಿಗಳಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ 4ರಿಂದ 5 ಮಿ.ಮೀ. ಹಲ್ಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿನ ತೊಂದರೆ ಧೂಳು. ನುಣ್ಣನೆಯ ಕೆಂಪು ಹುಡಿ ಜಾಳಿಗೆಯಂಥ ಬಟ್ಟೆಯೊಳಗೆ ನುಗ್ಗಿ, ಬೆವರಿನ ಜೊತೆ ಸೇರಿ ಉಪ್ಪುಕಾಗದದ ಹಾಗೆ ಚರ್ಮ ಉಜ್ಜುತ್ತದೆ. ಇಲ್ಲಿ ಓಡುವವರು ಒತ್ತು ನೇಯ್ಗೆಯ ಮೇಲ್ಬಟ್ಟೆ ಮತ್ತು ಎರಡೂ ಪಕ್ಕಕ್ಕೆ ಹೊಲಿದ ನಾಲಿಗೆ (ಲೇಸ್ ಕೆಳಗಿನ ಪಟ್ಟಿ) ಇರುವ ಶೂ ಹುಡುಕಬೇಕು. ನಾಲಿಗೆ ಸಡಿಲವಿದ್ದರೆ ಅದರ ಪಕ್ಕದ ಸಂದಿಯಿಂದಲೇ ಗರಸು ಇಳಿಯುತ್ತದೆ.

ಇನ್ನು ಎರೆ ಭೂಮಿ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸಿರುಗುಪ್ಪ ಕಡೆಯ ಕಪ್ಪು ಮಣ್ಣು ಒಣಗಿದಾಗ ಎಷ್ಟು ಬಿರುಸೋ ಹಸಿಯಾದಾಗ ಅಷ್ಟು ಅಂಟು. ನಾಲ್ಕು ಹೆಜ್ಜೆಗೆ ಒಂದೊಂದು ಶೂಗೆ ಅರ್ಧ ಕಿಲೋ ಮಣ್ಣು ಮೆತ್ತುತ್ತದೆ. ಕೆಸರಿಗೆಂದೇ ಮಾಡಿದ ಶೂ ಕೂಡ ಅಲ್ಲಿ ಸೋಲುತ್ತದೆ, ಹಲ್ಲಿನ ಸಂದಿಯೆಲ್ಲ ತುಂಬಿ ಮಟ್ಟವಾಗಿಬಿಡುತ್ತದೆ. ಎರೆ ಹೊಲದ ದಾರಿಗಾಗಿ ದುಡ್ಡು ಕೊಟ್ಟು ಕೆಸರಿನ ಶೂ ಕೊಳ್ಳಬೇಡಿ. ಮಳೆ ಬಂದ ಮರುದಿನ ಮಸಾರಿ ನೆಲದ ಕಡೆ ಓಡಿ, ಕೆಂಪು ಮಣ್ಣು ನೀರನ್ನು ಬೇಗ ಬಸಿದುಕೊಳ್ಳುತ್ತದೆ.

ಪಾದ ಅಳೆಯುವುದು

ಸಂಜೆ ಅಳೆಯಿರಿ. ದಿನವಿಡೀ ನಿಂತು ನಡೆದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ, ಓಡುವಾಗ ಇನ್ನಷ್ಟು ಊದುತ್ತದೆ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಈ ಊತ ಕಣ್ಣಿಗೇ ಕಾಣುತ್ತದೆ.

ಗೋಡೆಗೆ ತಾಗಿಸಿ ಕಾಗದ ಹಾಸಿ, ಹಿಮ್ಮಡಿ ಗೋಡೆಗೆ ಮುಟ್ಟುವಂತೆ ನಿಲ್ಲಿ. ಎರಡೂ ಕಾಲಿನ ಮೇಲೆ ಸಮ ಭಾರ ಇರಲಿ, ಕೂತು ಅಳೆದರೆ ಅಗಲ ಕಡಿಮೆ ಬರುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಬೇರೆಯವರಿಂದ ಸುತ್ತ ಗೆರೆ ಎಳೆಸಿ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಗೆ ಉದ್ದ. ಹಲವರಿಗೆ ಎರಡನೇ ಬೆರಳೇ ಉದ್ದ ಇರುತ್ತದೆ, ಹೆಬ್ಬೆರಳನ್ನೇ ಅಳೆಯಬೇಡಿ. ಹೆಬ್ಬೆರಳಿನ ಬುಡದ ಉಬ್ಬಿನಿಂದ ಕಿರುಬೆರಳಿನ ಬುಡದ ಉಬ್ಬಿಗೆ ಅಗಲ. ಎರಡೂ ಪಾದ ಅಳೆದು ದೊಡ್ಡದರ ಲೆಕ್ಕ ಹಿಡಿಯಿರಿ.

ಗಂಡಸರ ಶೂಗಳಲ್ಲಿ ಸಾಮಾನ್ಯ ಅಗಲಕ್ಕೆ ಡಿ, ಅಗಲದ್ದಕ್ಕೆ 2ಇ, ಅತಿ ಅಗಲಕ್ಕೆ 4ಇ ಎಂಬ ಗುರುತು. ಹೆಂಗಸರ ಶೂಗಳಲ್ಲಿ ಬಿ ಸಾಮಾನ್ಯ, ಡಿ ಅಗಲ, 2ಇ ಅತಿ ಅಗಲ. ಕಂಪನಿಯಿಂದ ಕಂಪನಿಗೆ ಒಂದಿಷ್ಟು ವ್ಯತ್ಯಾಸ ಇದ್ದರೂ, ಗಂಡಸರ 27 ಸೆಂ.ಮೀ. ಉದ್ದದ ಪಾದ 10 ಸೆಂ.ಮೀ. ಆಸುಪಾಸು ಅಗಲ ಇದ್ದರೆ ಸಾಮಾನ್ಯ, ಹತ್ತೂವರೆ ದಾಟಿದರೆ 2ಇ ಹುಡುಕಬೇಕು, 11 ದಾಟಿದರೆ 4ಇ ಕಡೆ ಯೋಚಿಸಬೇಕು. ಪಾದ ಅಗಲ ಇರುವುದು ದೋಷವೇನಲ್ಲ. ದಕ್ಷಿಣ ಭಾರತದಲ್ಲಿ ಬರಿಗಾಲಲ್ಲೇ ನಡೆಯುವವರ ಪಾದಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸದಾ ಶೂ ಹಾಕುವವರಿಗಿಂತ ಅವರ ಪಾದ ಅಗಲವಾಗಿರುವುದು ಕಂಡುಬಂದಿತ್ತು. ಹೊಲದಲ್ಲಿ ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಬೆರಳು ಹರಡಿಕೊಂಡಿರುವುದು ಸಹಜ. ಹರಡಿದ ಬೆರಳು ಗುಡ್ಡದಲ್ಲಿ ನೆಲ ಹಿಡಿಯಲು ಅನುಕೂಲ, ಅದನ್ನು ಮುಚ್ಚಿ ಹಿಂಡುವ ಶೂನದೇ ತಪ್ಪು.

ಅಗಲದಲ್ಲೂ ಬಗೆಗಳಿವೆ, ಇದನ್ನು ಗಮನಿಸದೆ ಹೋದರೆ 2ಇ ಕೊಂಡರೂ ಕಷ್ಟ ತಪ್ಪುವುದಿಲ್ಲ. ಕೆಲವರಿಗೆ ಬೆರಳುಗಳ ಕಡೆ ಮಾತ್ರ ಅಗಲ, ಹಿಮ್ಮಡಿ ಸಪೂರ. ಅವರಿಗೆ ಬೇಕಿರುವುದು ಮೂತಿ ಅಗಲವಿರುವ, ಹಿಂದೆ ಬಿಗಿಯಾಗಿ ಹಿಡಿಯುವ ಶೂ. ಇನ್ನು ಕೆಲವರಿಗೆ ಪಾದದ ಬೆನ್ನು ಎತ್ತರ. ಅಗಲ ಸರಿಯಿದ್ದರೂ ಲೇಸ್ ಕಟ್ಟಿದ ಕೂಡಲೇ ಮೇಲೆ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಚಪ್ಪಟೆ ಪಾದದವರಿಗೆ ನಡುಭಾಗ ಒಳಮಗ್ಗುಲಿಗೆ ಹರಡಿ ಶೂನ ಅಂಚು ಕಮಾನಿನ ಕೆಳಗೆ ಕೊರೆಯುತ್ತದೆ.

ನಿಮ್ಮದು ಯಾವ ಬಗೆ ಎಂದು ಹಳೆಯ ಶೂ ಹೇಳುತ್ತದೆ. ಕಿರುಬೆರಳಿನ ಹತ್ತಿರ ಬಟ್ಟೆ ಹರಿದಿದ್ದರೆ ಮುಂಭಾಗ ಕಿರಿದಾಗಿತ್ತು. ಬಟ್ಟೆ ಸೋಲ್‌ನ ಅಂಚು ದಾಟಿ ಹೊರಗೆ ಉಬ್ಬಿದ್ದರೂ ಅದೇ ಕಾರಣ. ಹಿಮ್ಮಡಿಯ ಒಳಪದರ ಸವೆದು ತೂತಾಗಿದ್ದರೆ ಶೂ ಉದ್ದವಾಗಿತ್ತು, ಅಥವಾ ಹಿಂದೆ ಸಡಿಲವಿತ್ತು.

ನಂಬರ್ ನಂಬಬೇಡಿ, ಸೆಂ.ಮೀ. ನೋಡಿ

ಒಂದೇ ಯುಕೆ 8 ನಂಬರ್ ಅಡಿಡಾಸ್‌ನಲ್ಲಿ 26.5 ಸೆಂ.ಮೀ., ನೈಕಿಯಲ್ಲಿ 27 ಸೆಂ.ಮೀ. ಎಂದು ನಾಲಿಗೆಯ ಒಳಗಿನ ಚೀಟಿಯಲ್ಲಿ ಇರುತ್ತದೆ. ಆ ಚೀಟಿಯಲ್ಲಿ ಜೆಪಿ (ಜಪಾನ್ ಅಳತೆ) ಅಥವಾ ಸಿಎಂ (ಸೆಂ.ಮೀ.) ಎಂದಿರುವ ಅಂಕಿ ಕಂಪನಿ ಊಹಿಸಿದ ಪಾದದ ಉದ್ದ. ನಿಮ್ಮ ಅಳತೆಗೆ ಅರ್ಧ ಸೆಂ.ಮೀ.ಯಿಂದ ಒಂದು ಸೆಂ.ಮೀ. ಸೇರಿಸಿ ಅದರ ಹತ್ತಿರದ ಅಂಕಿ ಹುಡುಕಿ. ಅಗಲಕ್ಕಾಗಿ ಅರ್ಧ ನಂಬರ್ ಏರಿಸುವುದು ತಡೆದುಕೊಳ್ಳಬಹುದಾದ ರಾಜಿ. ಪೂರ್ತಿ ಒಂದು ನಂಬರ್ ಏರಿಸುವುದು ಬೇಡ.

ಹೆಂಗಸರಿಗೆ ಅಗಲ ಪಾದದ ಟ್ರೇಲ್ ಶೂ ಇನ್ನೂ ಕಡಿಮೆ. ಗಂಡಸರ ಸಾಮಾನ್ಯ ಡಿ ಅಗಲವೇ ಹೆಂಗಸರ ಅಳತೆಯಲ್ಲಿ ಅಗಲದ್ದು ಎಂದಾಗುತ್ತದೆ, ಹಾಗಾಗಿ ಗಂಡಸರ ಮಾಡೆಲ್‌ನ ಚಿಕ್ಕ ನಂಬರ್ ಕೊಳ್ಳುವುದು ಒಳ್ಳೆಯ ದಾರಿ. ನಂಬರ್ ಹೋಲಿಸದೆ ಸೆಂ.ಮೀ. ಹೋಲಿಸಿ, ಎರಡು ಪಟ್ಟಿಗಳ ನಡುವೆ ಅರ್ಧ ನಂಬರ್ ವ್ಯತ್ಯಾಸ ಸಾಮಾನ್ಯ. ಹಿಮ್ಮಡಿ ಸಡಿಲ ಎನಿಸಿದರೆ ಮುಂದೆ ಹೇಳುವ ಲೇಸ್ ಕಟ್ಟು ಬಹುಪಾಲು ಸರಿಮಾಡುತ್ತದೆ.

ಯಾವ ಭಾಗಕ್ಕೆ ದುಡ್ಡು ಕೊಡಬೇಕು

ಪೂರ್ತಿ ರಬ್ಬರ್ ತಳಕ್ಕೆ ಕೊಡಿ. ಅಗ್ಗದ ಶೂಗಳಲ್ಲಿ ತಳವೆಲ್ಲ ಇವಿಎ ಎಂಬ ಫೋಮ್ ಆಗಿರುತ್ತದೆ, ಅಥವಾ ಹಿಮ್ಮಡಿ ಮತ್ತು ಮುಂಭಾಗದಲ್ಲಿ ಮಾತ್ರ ರಬ್ಬರ್ ತೇಪೆ ಇದ್ದು ನಡುವೆ ಫೋಮ್ ಬಯಲಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ: ಗುರುತು ಉಳಿದರೆ ಫೋಮ್, ಪುಟಿದರೆ ರಬ್ಬರ್. ಧೂಳು ಕೂತ ಬಂಡೆಯ ಮೇಲೆ ಫೋಮ್ ಜಾರುತ್ತದೆ. ಜಾಲಿಮುಳ್ಳು ನೆಟ್ಟಗೆ ನುಗ್ಗುವುದೂ ಈ ಫೋಮ್‌ನ ಜಾಗದಲ್ಲೇ. ಮೂರು-ನಾಲ್ಕು ಸೆಂ.ಮೀ. ಉದ್ದದ ಒಣಮುಳ್ಳು ಮೆತ್ತನೆಯ ಫೋಮ್ ದಾಟಿ ಕಾಲಿಗೆ ಮುಟ್ಟಲು ಒಂದು ಹೆಜ್ಜೆ ಸಾಕು.

ರಾಕ್ ಪ್ಲೇಟ್ ಎಂದರೆ ಸೋಲ್ ಮತ್ತು ಫೋಮ್ ನಡುವೆ ಇಟ್ಟ ತೆಳುವಾದ ಗಟ್ಟಿ ಹಾಳೆ. ಚೂಪು ಕಲ್ಲಿನ ಏಟನ್ನು ಹರಡುತ್ತದೆ, ಮುಳ್ಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಇದು ಅಪರೂಪ. ಸಂಡೂರಿನ ಚೂಪುಗಲ್ಲು ಮತ್ತು ಜಾಲಿ ಪೊದೆಗಳ ದಾರಿ ನಿಮ್ಮದಾಗಿದ್ದರೆ ಇದಕ್ಕೆ ಒಂದೆರಡು ಸಾವಿರ ಹೆಚ್ಚು ಕೊಡುವುದು ತಪ್ಪಲ್ಲ. ಬೇರೆಯವರಿಗೆ ದಪ್ಪ, ಸ್ವಲ್ಪ ಗಟ್ಟಿ ಫೋಮ್ ಸಾಕು.

ಮೂತಿಯ ಮೇಲೆ ಗಟ್ಟಿ ರಬ್ಬರ್ ಅಂಚು ಇರಲಿ. ಆದರೆ ಅಗಲ ಪಾದದವರು ಇಲ್ಲೊಂದು ಪರೀಕ್ಷೆ ಮಾಡಬೇಕು: ಆ ಗಟ್ಟಿ ಅಂಚು ಕಿರುಬೆರಳಿನ ಪಕ್ಕದವರೆಗೆ ಸುತ್ತಿ ಬಂದಿದ್ದರೆ ಅಲ್ಲಿ ಬಟ್ಟೆ ಹಿಗ್ಗುವುದೇ ಇಲ್ಲ. ಎಷ್ಟು ದಿನ ಹಾಕಿದರೂ ಸಡಿಲವಾಗದು.

ಹಿಮ್ಮಡಿ ಮತ್ತು ಮುಂಗಾಲಿನ ಎತ್ತರದ ವ್ಯತ್ಯಾಸವನ್ನು ಡ್ರಾಪ್ ಎನ್ನುತ್ತಾರೆ. ಹೊಸಬರಿಗೆ 6ರಿಂದ 10 ಮಿ.ಮೀ. ಡ್ರಾಪ್ ಸಲೀಸು. ಬೆರಳಿಗೆ ಧಾರಾಳ ಜಾಗ ಬಿಡುವ ಕೆಲವು ಶೂಗಳು, ಮುಖ್ಯವಾಗಿ ಆಲ್ಟ್ರಾ ಕಂಪನಿಯವು, ಶೂನ್ಯ ಡ್ರಾಪ್‌ನಲ್ಲಿ ಬರುತ್ತವೆ. ಅಗಲ ಪಾದಕ್ಕೆ ಅವು ಹೇಳಿ ಮಾಡಿಸಿದಂತಿದ್ದರೂ ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಭಾರ ಹೆಚ್ಚು ಬೀಳುತ್ತದೆ. ಅಂಥದ್ದು ಕೊಂಡರೆ ಮೊದಲ ಕೆಲವು ವಾರ ನಡಿಗೆಗೆ ಮತ್ತು ಒಂದೆರಡು ಕಿ.ಮೀ. ಓಟಕ್ಕೆ ಮಾತ್ರ ಬಳಸಿ.

ನೀರು ನಿರೋಧಕ ಪದರಕ್ಕೆ, ಗೋರ್-ಟೆಕ್ಸ್ ಎಂದು ಬರೆದಿರುತ್ತದಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ನಮ್ಮ ಸೆಕೆಯಲ್ಲಿ ಒಳಗಿನ ಬೆವರೇ ಆರುವುದಿಲ್ಲ. ಹಳ್ಳ ದಾಟುವಾಗ ಮೇಲಿನಿಂದ ಒಳಗೆ ಹೋದ ನೀರು ಹೊರಗೂ ಬರುವುದಿಲ್ಲ. ಆ ಪದರ ಶೂವನ್ನು ಒಂದಿಷ್ಟು ಬಿಗಿಯನ್ನೂ ಮಾಡುತ್ತದೆ.

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಆಯ್ಕೆಗಳು

ಎರಡು ಸಾವಿರದೊಳಗೆ ಕ್ಯಾಂಪಸ್, ಸ್ಪಾರ್ಕ್ಸ್, ಏಷ್ಯನ್ ಮುಂತಾದ ನಮ್ಮ ದೇಶದ ಬ್ರ್ಯಾಂಡ್‌ಗಳು ಬಳ್ಳಾರಿ, ಗಂಗಾವತಿ, ರಾಯಚೂರಿನ ಎಲ್ಲ ಅಂಗಡಿಗಳಲ್ಲಿ ಸಿಗುತ್ತವೆ. ಹಲ್ಲು ಹಲ್ಲಾದ ತಳ ನೋಡಿ ಟ್ರೇಲ್ ಶೂ ಎಂದುಕೊಳ್ಳಬೇಡಿ. ಬಹುಪಾಲು ಇವಿಎ ತಳ, ಅಗಲದ ಗುರುತೂ ಇರುವುದಿಲ್ಲ. ಕಾಲುವೆ ಏರಿ, ಹೊಲದ ದಾರಿಗೆ ಇವು ನಡೆಯುತ್ತವೆ. ಅಂಗಡಿಯಲ್ಲೇ ಹಾಕಿ ನೋಡಬಹುದು ಎಂಬುದು ದೊಡ್ಡ ಅನುಕೂಲ, ಆ ಅನುಕೂಲ ಬಳಸಿಕೊಂಡು ನಾಲ್ಕೈದು ಮಾಡೆಲ್ ಹಾಕಿ ಮೂತಿ ಅಗಲವಿರುವುದನ್ನು ಹುಡುಕಿ. ಬಂಡೆಯ ಇಳಿಜಾರಿಗೆ ಮಾತ್ರ ಇವನ್ನು ನೆಚ್ಚಬೇಡಿ.

ಎರಡೂವರೆಯಿಂದ ನಾಲ್ಕು ಸಾವಿರದ ಸುತ್ತ ಡೆಕಾಥ್ಲಾನ್‌ನ ಆರಂಭಿಕ ಟ್ರೇಲ್ ಶೂಗಳು ಬರುತ್ತವೆ. ಮೊದಲು ಇವಾಡಿಕ್ಟ್ ಎಂಬ ಹೆಸರಿತ್ತು, ಈಗ ಕಿಪ್‌ರನ್ ಹೆಸರಲ್ಲಿ ಬರುತ್ತಿವೆ. ಬಜೆಟ್ ಕಡಿಮೆ ಇರುವ ಹೊಸಬರು ಮೊದಲು ನೋಡಬೇಕಾದದ್ದು ಇವನ್ನೇ. ರಬ್ಬರ್ ತಳ, ಮೂತಿಯ ರಕ್ಷಣೆ ಈ ಬೆಲೆಗೆ ಬೇರೆ ಕಡೆ ಸಿಗುವುದು ಕಷ್ಟ. ಕೊರತೆಯೆಂದರೆ ಅಗಲದ ಬೇರೆ ಅಳತೆಗಳು ಇರುವುದಿಲ್ಲ. 2ಇವರೆಗಿನ ಪಾದಕ್ಕೆ ಅರ್ಧ ನಂಬರ್ ಏರಿಸಿ, ತೆಳು ಇನ್ಸೋಲ್ (ಶೂ ಒಳಗಿನ ಹಾಸು) ಹಾಕಿದರೆ ಒಗ್ಗಬಹುದು. 4ಇ ಪಾದದವರು ಇಲ್ಲಿ ದುಡ್ಡು ಹಾಕಬೇಡಿ. ಅದೇ ಅಂಗಡಿಯ ಕ್ವೆಚುವಾ ಹೈಕಿಂಗ್ ಶೂ ಇನ್ನೂ ಅಗ್ಗ, ಆದರೆ ಭಾರ ಮತ್ತು ಬಿರುಸು. ಗುಡ್ಡವನ್ನು ನಡೆದು ಹತ್ತಿ, ಮಟ್ಟಸ ಸಿಕ್ಕಲ್ಲಿ ಮಾತ್ರ ಓಡುವವರಿಗೆ ಅದು ಸಾಕು.

ನಾಲ್ಕೂವರೆಯಿಂದ ಏಳು ಸಾವಿರದ ನಡುವೆ ಆಸಿಕ್ಸ್‌ನ ಟ್ರೇಲ್ ಸ್ಕೌಟ್ ಮತ್ತು ಜೆಲ್-ವೆಂಚರ್, ನ್ಯೂ ಬ್ಯಾಲೆನ್ಸ್‌ನ ಅರಿಶಿ ಟ್ರೇಲ್, ಅಡಿಡಾಸ್ ಟೆರೆಕ್ಸ್‌ನ ಟ್ರೇಸ್‌ರಾಕರ್ ಇವೆ. ರಿಯಾಯಿತಿ ಬಂದಾಗ ಇನ್ನೂ ಇಳಿಯುತ್ತವೆ. ಜೆಲ್-ವೆಂಚರ್‌ನ ಹಲ್ಲು ಗಿಡ್ಡ, ತಳ ಗಟ್ಟಿ, ರಸ್ತೆಯಲ್ಲಿ ಓಡಿ ಗುಡ್ಡ ಸೇರುವವರಿಗೂ ಬೇಗ ಸವೆಯುವುದಿಲ್ಲ. ನಮ್ಮ ಗ್ರಾನೈಟ್ ಮತ್ತು ಮಸಾರಿ ದಾರಿಗೆ ಇದರ ಗುಣ ಹೊಂದುತ್ತದೆ. ಭಾರ ಇದೆ, ಕೆಸರಿಗೆ ಆಗದು. ವಿದೇಶಗಳಲ್ಲಿ 4ಇ ಅಗಲದಲ್ಲೂ ಬರುವ ಮಾಡೆಲ್ ಇದು, ಇಲ್ಲಿ ಹೆಚ್ಚಾಗಿ ಸಾಮಾನ್ಯ ಅಗಲವೇ ಸಿಗುತ್ತದೆ, ಹಾಗಾಗಿ ಪುಟದಲ್ಲಿ ಅಗಲದ ಸಾಲು ಓದಿಯೇ ಆರ್ಡರ್ ಮಾಡಿ. ನ್ಯೂ ಬ್ಯಾಲೆನ್ಸ್ ಹಿಂದಿನಿಂದಲೂ 2ಇ, 4ಇ ಅಗಲಗಳಿಗೆ ಹೆಸರಾದ ಕಂಪನಿ, ಅಗಲದ ಗುರುತಿರುವ ಜೋಡಿ ಕಣ್ಣಿಗೆ ಬಿದ್ದರೆ ಬಿಡಬೇಡಿ. ಟೆರೆಕ್ಸ್ ಎಂದ ಮಾತ್ರಕ್ಕೆ ಟೈರ್ ಕಂಪನಿ ಕಾಂಟಿನೆಂಟಲ್‌ನ ರಬ್ಬರ್ ಇರುವುದಿಲ್ಲ, ಅದು ಮೇಲಿನ ಬೆಲೆಯ ಮಾಡೆಲ್‌ಗಳಲ್ಲಿ. ಸ್ಕೆಚರ್ಸ್‌ನಲ್ಲಿ 'ರಿಲ್ಯಾಕ್ಸ್ಡ್ ಫಿಟ್' ಎಂದಿದ್ದರೆ ಬೆರಳಿನ ಜಾಗ ಸಡಿಲ ಎಂದಷ್ಟೇ ಅರ್ಥ, ನಿಜವಾದ ಅಗಲದ ಅಳತೆಗೆ 'ವೈಡ್ ಫಿಟ್' ಎಂದಿರಬೇಕು.

ಹತ್ತು ಸಾವಿರದ ಮೇಲೆ ಹೋಕಾ ಸ್ಪೀಡ್‌ಗೋಟ್, ಬ್ರೂಕ್ಸ್ ಕ್ಯಾಸ್ಕೇಡಿಯಾ, ಸಾಲೊಮನ್ ಸ್ಪೀಡ್‌ಕ್ರಾಸ್ ಬರುತ್ತವೆ. ಇವಕ್ಕೆ ಅಗಲದ ಆವೃತ್ತಿಗಳೂ ಇವೆ. ಸ್ಪೀಡ್‌ಕ್ರಾಸ್‌ನ ಸಾಮಾನ್ಯ ಆವೃತ್ತಿ ಸಪೂರ ಪಾದದ್ದು, ಹಲ್ಲು 5 ಮಿ.ಮೀ., ಕೆಸರಿಗೆಂದು ಮಾಡಿದ್ದು. ಕೊಪ್ಪಳದ ಬಂಡೆಗೆ ಇದನ್ನು ಕೊಳ್ಳುವುದು ದುಡ್ಡು ದಂಡ. ಸ್ಪೀಡ್‌ಗೋಟ್‌ನ ರಬ್ಬರ್ ಬಂಡೆಗೆ ಚೆನ್ನಾಗಿ ಅಂಟುತ್ತದೆ, ಆದರೆ ಮೊದಲ ವರ್ಷದಲ್ಲಿ ಇಷ್ಟು ದುಡ್ಡು ಸುರಿಯುವ ಅಗತ್ಯ ಯಾರಿಗೂ ಇಲ್ಲ.

4ಇ ಪಾದದವರಿಗೆ ನೇರ ಮಾತು: ಇಕ್ಕಟ್ಟಾದ ಟ್ರೇಲ್ ಶೂಗಿಂತ 4ಇ ಗುರುತಿನ ರಸ್ತೆ ಓಟದ ಶೂ ಮೇಲು. ಅದರ ತಳ ಒಣ ಬಂಡೆಯ ಮೇಲೆ ಸಾಲುವಷ್ಟು ಹಿಡಿಯುತ್ತದೆ. ಸಡಿಲ ಗರಸು, ಮುಳ್ಳಿನ ಪೊದೆ, ಮಳೆಗಾಲದ ಸಂಡೂರು, ಈ ಮೂರನ್ನು ಬಿಟ್ಟು ದಾರಿ ಆರಿಸಿಕೊಳ್ಳಿ.

ಎರಡು ಹತ್ತಿರದ ನಂಬರ್ ಒಟ್ಟಿಗೆ ತರಿಸಿ ಒಂದನ್ನು ವಾಪಸ್ ಕಳಿಸುವುದು ಆನ್‌ಲೈನ್‌ನಲ್ಲಿ ಕೊಳ್ಳುವ ಸರಿಯಾದ ಕ್ರಮ. ಆರ್ಡರ್ ಮಾಡುವ ಮೊದಲೇ ವಾಪಸಾತಿಯ ಷರತ್ತು ಓದಿ. 'ಬದಲಿ ಮಾತ್ರ' ಎಂದಿದ್ದರೆ ಹಣ ಬರುವುದಿಲ್ಲ. ಹತ್ತು ಸಾವಿರದ ಶೂ ಎರಡು ಸಾವಿರಕ್ಕೆ ಕೊಡುತ್ತೇವೆ ಎನ್ನುವವರ ಬಳಿ ಕೊಳ್ಳಬೇಡಿ. ನಕಲಿ ಶೂನಲ್ಲಿ ಕೆಟ್ಟದ್ದೆಂದರೆ ರಬ್ಬರ್ ಮತ್ತು ಅಂಟು, ಎರಡೂ ಗುಡ್ಡದ ಮೇಲೆಯೇ ಕೈಕೊಡುವಂಥವು. ಡಬ್ಬದ ಮೇಲಿನ ಮಾಡೆಲ್ ಸಂಖ್ಯೆ ಮತ್ತು ನಾಲಿಗೆಯೊಳಗಿನ ಸಂಖ್ಯೆ ಒಂದೇ ಇರಬೇಕು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಹೇಗೂ ಹೋಗುವ ಕೆಲಸವಿದ್ದರೆ ಅಲ್ಲಿನ ದೊಡ್ಡ ಕ್ರೀಡಾ ಅಂಗಡಿಯಲ್ಲಿ ಕಾಲಿಗೆ ಹಾಕಿ ನೋಡಿ ಬರುವುದು ಹತ್ತು ವಿಡಿಯೊ ನೋಡುವುದಕ್ಕಿಂತ ಉಪಯೋಗ.

ಹಾಕಿ ನೋಡುವಾಗ

ಸಂಜೆ ಹೊತ್ತು, ಓಟಕ್ಕೆ ಬಳಸುವ ಸಾಕ್ಸ್ ಹಾಕಿಕೊಂಡು ನೋಡಿ. ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಬೊಬ್ಬೆ ತರಿಸುತ್ತದೆ, ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತದ್ದು ಇರಲಿ. ದಪ್ಪ ಸಾಕ್ಸ್ ಅಗಲವನ್ನು ತಿನ್ನುತ್ತದೆ.

ಮೊದಲು ಶೂ ಒಳಗಿನ ಇನ್ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಪಾದ ಅದರ ಅಂಚು ದಾಟಿ ಹೊರಚಾಚಿದರೆ, ಕಿರುಬೆರಳಿನ ಕಡೆ ಐದಾರು ಮಿ.ಮೀ. ಚಾಚಿದರೂ ಸಾಕು, ಆ ಶೂ ನಿಮಗಲ್ಲ. ಅಂಗಡಿಯವರು "ಹಾಕ್ತಾ ಹಾಕ್ತಾ ಸಡಿಲ ಆಗ್ತದ" ಎಂದರೂ ಒಪ್ಪಬೇಡಿ. ಬಟ್ಟೆ ಒಂದಿಷ್ಟು ಹಿಗ್ಗಬಹುದು, ಕೆಳಗಿನ ತಳ ಹಿಗ್ಗುವುದಿಲ್ಲ. ಹತ್ತು ಸೆಕೆಂಡಿನ ಈ ಪರೀಕ್ಷೆಯೇ ಅರ್ಧ ಆಯ್ಕೆಗಳನ್ನು ತೆಗೆದುಹಾಕುತ್ತದೆ.

ಹಾಕಿಕೊಂಡು ನಿಂತಾಗ ಉದ್ದ ಬೆರಳಿನ ಮುಂದೆ ಕೈ ಹೆಬ್ಬೆರಳಿನ ಅರ್ಧ ಅಗಲದಷ್ಟು, ಎಂದರೆ 10ರಿಂದ 12 ಮಿ.ಮೀ. ಜಾಗ ಇರಬೇಕು. ಬೆರಳುಗಳನ್ನು ಒಳಗೇ ಅಗಲಿಸಿ ಮಡಿಸಲು ಬರಬೇಕು. ಮೂತಿಯನ್ನು ನೆಲಕ್ಕೆ ಮೂರು ಬಾರಿ ಕುಟ್ಟಿ: ಬೆರಳು ಮುಂದೆ ತಾಗಿದರೆ ಇಳಿಜಾರಿನಲ್ಲಿ ನೂರು ಬಾರಿ ತಾಗುತ್ತದೆ. ಮೆಟ್ಟಿಲಿದ್ದರೆ ಹತ್ತಿಳಿಯಿರಿ, ಇಳಿಯುವಾಗಿನ ಅನುಭವವೇ ಮುಖ್ಯ. ಮನೆಗೆ ತರಿಸಿದ್ದಾದರೆ ಸ್ವಚ್ಛ ನೆಲದ ಮೇಲೆ ಕಾಲು ಗಂಟೆ ಹಾಕಿಕೊಂಡು ತಿರುಗಾಡಿ, ತಳಕ್ಕೆ ಧೂಳು ಮೆತ್ತಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಲೇಸ್ ಕಟ್ಟುವುದರಲ್ಲಿ ಗಿಟ್ಟುವ ಜಾಗ

ಅಗಲ ಮುಂಗಾಲು, ಸಪೂರ ಹಿಮ್ಮಡಿ ಇರುವವರು ಬೆರಳಿನ ಕಡೆಯ ಮೊದಲ ಜೋಡಿ ತೂತುಗಳನ್ನು ಬಿಟ್ಟು ಎರಡನೆಯದರಿಂದ ಲೇಸ್ ಪೋಣಿಸಿ. ಮುಂಭಾಗ ಕೂಡಲೇ ಸಡಿಲವಾಗುತ್ತದೆ. ಮೇಲ್ತುದಿಯಲ್ಲಿ ಬಳಸದೆ ಬಿಟ್ಟ ಹೆಚ್ಚುವರಿ ತೂತು ಇರುತ್ತದಲ್ಲ, ಅದರೊಳಗೆ ಲೇಸನ್ನು ಅದೇ ಪಕ್ಕದಲ್ಲಿ ಹೊರಗಿನಿಂದ ಒಳಕ್ಕೆ ತೂರಿಸಿ ಚಿಕ್ಕ ಕುಣಿಕೆ ಮಾಡಿ. ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಭದ್ರವಾಗಿ ಕೂತು, ಇಳಿಜಾರಿನಲ್ಲಿ ಪಾದ ಮುಂದೆ ಜಾರುವುದು ನಿಲ್ಲುತ್ತದೆ.

ಪಾದದ ಬೆನ್ನು ಎತ್ತರ ಇರುವವರು ಒತ್ತುವ ಜಾಗದಲ್ಲಿ ಮಾತ್ರ ಲೇಸನ್ನು ಅಡ್ಡ ಹಾಯಿಸದೆ, ಎರಡೂ ಪಕ್ಕದಲ್ಲಿ ನೇರ ಮೇಲಿನ ತೂತಿಗೆ ಒಯ್ಯಿರಿ, ಆಮೇಲೆ ಮತ್ತೆ ಅಡ್ಡ ಹಾಕಿ. ಇಷ್ಟರಿಂದಲೇ ಬೆರಳಿನ ಜೋಮು ಹೋಗುವುದುಂಟು.

ಓಡಿದ ಮೇಲೆ ಕಾಣುವ ತೊಂದರೆಗಳು

ಉಗುರು ಕಪ್ಪಾದರೆ ಶೂ ಚಿಕ್ಕದು ಎಂದೇ ತೀರ್ಮಾನಿಸಬೇಡಿ. ದೊಡ್ಡ ಶೂನಲ್ಲಿ ಪಾದ ಜಾರಿದರೂ ಹಾಗೇ ಆಗುತ್ತದೆ. ಹಿಮ್ಮಡಿಯ ಕುಣಿಕೆ ಕಟ್ಟಿ ನೋಡಿ, ಆಮೇಲೂ ಆದರೆ ಅಳತೆಯ ತಪ್ಪು. ಉಗುರನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿಕೊಳ್ಳುವುದನ್ನೂ ಮರೆಯಬೇಡಿ. ಮುಂಗಾಲಿನ ಕೆಳಗೆ ಉರಿ, ಜೋಮು ಬಂದರೆ ಅಗಲ ಸಾಲುತ್ತಿಲ್ಲ ಅಥವಾ ಮುಂದಿನ ಲೇಸ್ ಬಿಗಿ. ಕಿರುಬೆರಳಿನ ಹೊರಬದಿಗೆ ಬೊಬ್ಬೆ ಬಂದರೆ ಮುಂಭಾಗದ ಆಕಾರವೇ ತಪ್ಪು, ಅದನ್ನು ಲೇಸ್ ಸರಿಮಾಡದು. ಸಕ್ಕರೆ ಕಾಯಿಲೆ ಇರುವವರು ಬೊಬ್ಬೆ, ಮುಳ್ಳಿನ ಗಾಯ ಯಾವುದನ್ನೂ ಹಗುರವಾಗಿ ಕಾಣಬಾರದು. ಪ್ರತಿ ಓಟದ ನಂತರ ಪಾದ ನೋಡಿಕೊಂಡು, ಗಾಯವಿದ್ದರೆ ವೈದ್ಯರಿಗೆ ತೋರಿಸಿ.

ಮನೆಗೆ ಬಂದ ಕೂಡಲೇ ತಳ ತಿರುಗಿಸಿ ಮುಳ್ಳು ಹುಡುಕಿ. ತುದಿ ಕಂಡರೆ ಇಕ್ಕಳದಿಂದ ನೇರಕ್ಕೆ ಎಳೆಯಿರಿ, ಪಕ್ಕಕ್ಕೆ ಬಾಗಿಸಿದರೆ ಒಳಗೇ ಮುರಿಯುತ್ತದೆ. ಮುರಿದ ತುಂಡು ಹೆಜ್ಜೆ ಹೆಜ್ಜೆಗೂ ಮೇಲೇರಿ ಎರಡು-ಮೂರು ಓಟಗಳ ಬಳಿಕ ಕಾಲಿಗೆ ಚುಚ್ಚುತ್ತದೆ. ಇನ್ಸೋಲ್ ತೆಗೆದು ಒಳತಳವನ್ನು ದಪ್ಪ ಬಟ್ಟೆಯಿಂದ ಒರೆಸಿ ನೋಡಿದರೆ ತುದಿ ಬಟ್ಟೆಗೆ ಸಿಕ್ಕುತ್ತದೆ. ಬರಿಬೆರಳಿನಿಂದ ತಡಕಬೇಡಿ.

ಅದಿರಿನ ಧೂಳನ್ನು ಒಣಗಿದ್ದಾಗಲೇ ಬ್ರಷ್‌ನಿಂದ ಉದುರಿಸಿ, ಒದ್ದೆ ಮಾಡಿದರೆ ಬಟ್ಟೆಯೊಳಗೆ ಇಳಿಯುತ್ತದೆ. ಎರೆ ಮಣ್ಣನ್ನೂ ಒಣಗಲು ಬಿಟ್ಟು ಕುಟ್ಟಿ ಉದುರಿಸಿ. ತೊಳೆಯಲೇಬೇಕಾದರೆ ತಣ್ಣೀರು, ಸ್ವಲ್ಪ ಸೋಪು, ಕೈಯಿಂದ. ವಾಷಿಂಗ್ ಮಷಿನ್ ಬೇಡ. ನೆರಳಲ್ಲಿ ಒಣಗಿಸಿ, ಒಳಗೆ ಹಳೆ ಪತ್ರಿಕೆ ತುರುಕಿದರೆ ಬೇಗ ಆರುತ್ತದೆ. ತಾರಸಿಯ ಬಿಸಿಲಲ್ಲಿ, ನಿಲ್ಲಿಸಿದ ಕಾರಿನೊಳಗೆ ಬಿಟ್ಟ ಶೂನ ಅಂಟು ಏಪ್ರಿಲ್-ಮೇ ಸೆಕೆಗೆ ಬಿಟ್ಟುಕೊಂಡು ಮೂತಿಯ ಹತ್ತಿರ ತಳ ಬಾಯಿ ತೆರೆಯುತ್ತದೆ. ಸುರುವಿನಲ್ಲೇ ಕಂಡರೆ ಶೂ ರಿಪೇರಿಯವರ ಬಳಿ ಅಂಟು ಹಾಕಿಸಿ ಅಂಚಿಗೆ ಹೊಲಿಗೆ ಹಾಕಿಸಬಹುದು.

ಸಾಮಾನ್ಯವಾಗಿ 500ರಿಂದ 800 ಕಿ.ಮೀ.ವರೆಗೆ ಒಂದು ಜೋಡಿ ಬಾಳುತ್ತದೆ. ಮುಂಗಾಲಿನ ಹಲ್ಲು ಅರ್ಧಕ್ಕಿಂತ ಹೆಚ್ಚು ಸವೆದರೆ, ಫೋಮ್‌ನ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಅಚ್ಚೊತ್ತಿ ಉಳಿದರೆ, ಮೊದಲು ಗೊತ್ತಾಗದಿದ್ದ ಕಲ್ಲು ಕಾಲಡಿಗೆ ಗೊತ್ತಾಗತೊಡಗಿದರೆ ಅದನ್ನು ಗುಡ್ಡಕ್ಕೆ ಒಯ್ಯುವುದು ನಿಲ್ಲಿಸಿ. ಮನೆಯಿಂದ ಗುಡ್ಡದ ಬುಡದವರೆಗೆ ಡಾಂಬರು ರಸ್ತೆಯಲ್ಲೇ ಓಡಿ ಹೋಗುವವರಿಗೆ ಈ ಲೆಕ್ಕ ಬೇಗ ಮುಗಿಯುತ್ತದೆ, ಮೆತ್ತನೆಯ ರಬ್ಬರ್ ಹಲ್ಲನ್ನು ಡಾಂಬರು ಬೇಗ ತಿನ್ನುತ್ತದೆ. ಅಂಥವರು ಹೊಸ ಜೋಡಿ ಕೊಳ್ಳುವಾಗ 3 ಮಿ.ಮೀ. ಹಲ್ಲಿನ, ಗಟ್ಟಿ ರಬ್ಬರಿನ ಶೂ ಆರಿಸಲಿ.